ಕೋಣೆಯೊಳಗಿನ ಮಂದ ಬೆಳಕಿಗೆ ಐದು ಲೆನ್ಸ್‌ಗಳು: ಬಳಸಿ ನೋಡಿದ ಹೋಲಿಕೆ

ಸಂಜೆ ಕೋಣೆಯಲ್ಲಿ ಒಂದು ದೀಪ ಉರಿಯುತ್ತಿದ್ದರೆ ನಮ್ಮ ಕಣ್ಣಿಗೆ ಬೆಳಕು ಸಾಕಷ್ಟಿರುವಂತೆಯೇ ತೋರುತ್ತದೆ. ಅದೇ ಕೋಣೆಯಲ್ಲಿ, ಕ್ಯಾಮೆರಾದ ಜೊತೆ ಬಂದ 18-55 ಮಿ.ಮೀ. ಕಿಟ್ ಲೆನ್ಸನ್ನು ಉದ್ದದ ತುದಿಗೆ, ಅಂದರೆ 55 ಮಿ.ಮೀ.ಗೆ, ತಿರುಗಿಸಿ, ಅಲ್ಲಿ ಅದು ತೆರೆಯಬಲ್ಲ ಅತಿ ದೊಡ್ಡ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಆದ ಎಫ್/5.6ರಲ್ಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ಟು ಬೆಳಕನ್ನು ಅಳೆದಾಗ ನನಗೆ ಸಿಕ್ಕಿದ ಶಟರ್ ವೇಗ 1/15 ಸೆಕೆಂಡ್ ಮಾತ್ರ. ಅಷ್ಟು ನಿಧಾನದಲ್ಲಿ ಪುಸ್ತಕದ ಹಾಳೆ ಮಗುಚುವ ಬೆರಳು ಕೂಡ ಮಸುಕಾಗುತ್ತದೆ. ಫ್ಲ್ಯಾಶ್ ಹಾಕಿದರೆ ಈ ತೊಂದರೆ ತಪ್ಪುತ್ತದೆ ಎಂಬುದು ನಿಜ. ಆದರೆ ಮೇಜಿನ ದೀಪದ ಬೆಳಕು ಓದುವವರ ಕೆನ್ನೆಯ ಒಂದು ಬದಿಗೆ ಬಿದ್ದು ಇನ್ನೊಂದು ಬದಿ ನೆರಳಿನಲ್ಲಿ ಕರಗುವ ಆ ಬಗೆಯನ್ನೇ ಹಿಡಿಯಲು ನಾನು ಕ್ಯಾಮೆರಾ ಎತ್ತಿಕೊಂಡಿರುತ್ತೇನೆ, ಮತ್ತು ಫ್ಲ್ಯಾಶ್ ಮೊದಲು ಅಳಿಸುವುದು ಅದನ್ನೇ.

ಹಾಗಾಗಿ ಫಾಸ್ಟ್ ಲೆನ್ಸ್ ಒಂದನ್ನು, ಅಂದರೆ ಎಫ್ ಸಂಖ್ಯೆ ಚಿಕ್ಕದಿದ್ದು ಅಪರ್ಚರ್ ದೊಡ್ಡದಾಗಿ ತೆರೆಯುವಂಥದ್ದನ್ನು, ಆರಿಸಿಕೊಳ್ಳಲೇಬೇಕೆಂದು ನಿಶ್ಚಯಿಸಿ, ಕೆಲವು ತಿಂಗಳ ಅವಧಿಯಲ್ಲಿ ಐದು ಲೆನ್ಸ್‌ಗಳನ್ನು ಒಂದೊಂದಾಗಿ ಎರವಲು ಪಡೆದು ಬಳಸಿದೆ: 50 ಮಿ.ಮೀ. ಎಫ್/1.8, 50 ಮಿ.ಮೀ. ಎಫ್/1.4, ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ಸೌಲಭ್ಯ) ಇರುವ 35 ಮಿ.ಮೀ. ಎಫ್/2, 85 ಮಿ.ಮೀ. ಎಫ್/1.8, ಮತ್ತು ಸ್ಟೆಬಿಲೈಸೇಶನ್ ಇರುವ 17-55 ಮಿ.ಮೀ. ಎಫ್/2.8 ಜೂಮ್. ಇವುಗಳನ್ನು ಅಥವಾ ಇವುಗಳಿಗೆ ತೀರ ಹತ್ತಿರದವುಗಳನ್ನು ಹೆಚ್ಚಿನ ತಯಾರಕರು ಮಾಡುತ್ತಾರಾದ್ದರಿಂದ ಕಂಪನಿಗಳ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ನನ್ನದು ಕನ್ನಡಿ ಇರುವ ಡಿಎಸ್‌ಎಲ್‌ಆರ್. ಅದರ ಸೆನ್ಸರ್ ಎಪಿಎಸ್-ಸಿ ಗಾತ್ರದ್ದು, ಅಂದರೆ ದೊಡ್ಡ ಗಾತ್ರದ ಫುಲ್ ಫ್ರೇಮ್ ಸೆನ್ಸರಿಗಿಂತ ಚಿಕ್ಕದು; ಎಷ್ಟು ಚಿಕ್ಕದೆಂಬುದನ್ನು ಹೇಳುವ ಕ್ರಾಪ್ ಅಂಶ 1.6. ಅಂದರೆ 50 ಮಿ.ಮೀ. ಲೆನ್ಸ್ ಇದರ ಮೇಲೆ ಫುಲ್ ಫ್ರೇಮ್ ಕ್ಯಾಮೆರಾದ 80 ಮಿ.ಮೀ. ಲೆನ್ಸಿನಷ್ಟೇ ಇಕ್ಕಟ್ಟಾದ ನೋಟವನ್ನು ಕೊಡುತ್ತದೆ, 35 ಮಿ.ಮೀ. ಲೆನ್ಸ್ 56 ಮಿ.ಮೀ.ನಷ್ಟು. ಮುಂದೆ ಹೇಳಲಿರುವ ಬಹುತೇಕ ಮಾತುಗಳು ಈ ಒಂದು ಅಂಶದ ಮೇಲೆ ನಿಂತಿವೆ. ಫುಲ್ ಫ್ರೇಮ್ ಬಳಸುವವರು ದೂರಗಳನ್ನು ತಮ್ಮ ಕ್ಯಾಮೆರಾಕ್ಕೆ ಹೊಂದಿಸಿಕೊಂಡು ಓದಬೇಕು.

ಅಪರ್ಚರ್‌ನ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲೆನ್ಸ್ ಒಳಬಿಡುವ ಬೆಳಕು ಎಫ್ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುವುದರಿಂದ ಎಫ್/5.6ರಿಂದ ಎಫ್/2.8ಕ್ಕೆ ಬಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಎಫ್/2ಕ್ಕೆ ಬಂದರೆ ಎಂಟು ಪಟ್ಟು, ಎಫ್/1.4ಕ್ಕೆ ಬಂದರೆ ಹದಿನಾರು ಪಟ್ಟು. ನನ್ನ ಕೋಣೆಯ ಅದೇ ದೀಪದಡಿ, ಅದೇ ಐಎಸ್‌ಒ 1600ರಲ್ಲಿ, ಶಟರ್ ವೇಗ ಕ್ರಮವಾಗಿ 1/60, 1/125 ಮತ್ತು 1/250 ಆಯಿತು. ಸುಮ್ಮನೆ ಕುಳಿತು ಕೇಳುತ್ತಿರುವವರಿಗೆ 1/60 ಸಾಕು; ಕೈಯಾಡಿಸುತ್ತ ಮಾತನಾಡುವವರಿಗೆ 1/125 ಬೇಕು; ಆಟದಲ್ಲಿ ತೊಡಗಿದ ಮಗುವಿಗೆ 1/250 ಕೂಡ ಕೆಲವೊಮ್ಮೆ ಸಾಲದು. ಮಂದ ಬೆಳಕಿನ ಫೋಟೋಗ್ರಫಿಗೆ ಎಫ್/2 ಎಂಬ ಸಂಖ್ಯೆ ಹೊಸದಲ್ಲ. 1924ರಲ್ಲಿ ಜರ್ಮನಿಯಲ್ಲಿ ಬಂದ ಎರ್ಮಾನಾಕ್ಸ್ ಎಂಬ ಪುಟ್ಟ ಕ್ಯಾಮೆರಾದಲ್ಲಿ ಲುಡ್ವಿಗ್ ಬೆರ್ಟೆಲೆ ವಿನ್ಯಾಸಗೊಳಿಸಿದ ಎಫ್/2 ಎರ್ನೊಸ್ಟಾರ್ ಲೆನ್ಸ್ ಇತ್ತು, ಮತ್ತು ಛಾಯಾಗ್ರಾಹಕ ಎರಿಖ್ ಸಾಲೊಮನ್ ಆ ಕ್ಯಾಮೆರಾ ಹಿಡಿದು ನ್ಯಾಯಾಲಯಗಳಲ್ಲೂ ರಾಜತಾಂತ್ರಿಕ ಸಭೆಗಳಲ್ಲೂ ಫ್ಲ್ಯಾಶ್ ಇಲ್ಲದೆ ಚಿತ್ರಗಳನ್ನು ತೆಗೆದರು. ಗಾಜಿನ ಫಲಕಗಳ ಕಾಲದಲ್ಲಿ ಎಫ್/2 ಅಷ್ಟು ಕೆಲಸ ಮಾಡಿದ್ದರೆ, ಇಂದಿನ ಸೆನ್ಸರ್‌ಗಳ ಮುಂದೆ ಅದನ್ನು ಕಡಿಮೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಎಲ್ಲರೂ ಮೊದಲು ಸೂಚಿಸುವುದು 50 ಮಿ.ಮೀ. ಎಫ್/1.8 ಲೆನ್ಸನ್ನು, ಆದ್ದರಿಂದ ಪ್ರಯೋಗವನ್ನು ನಾನೂ ಅದರಿಂದಲೇ ಆರಂಭಿಸಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಹಗುರವಾದದ್ದು. ಎಫ್/1.8ರಲ್ಲಿ ಚಿತ್ರದ ನಡುಭಾಗ ತುಸು ಮೆತ್ತಗೆ ಕಂಡರೂ ಅಪರ್ಚರ್ ಅನ್ನು ಎಫ್/2.2ಕ್ಕೆ ಇಳಿಸಿ ಕಿರಿದಾಗಿಸಿದೊಡನೆ ಕಣ್ಣಿನ ರೆಪ್ಪೆಗಳು ಒಂದೊಂದಾಗಿ ಬಿಡಿಸಿಕೊಂಡು ಕಾಣುತ್ತವೆ. ಒಬ್ಬರೇ ಇರುವ ಚಿತ್ರಕ್ಕೆ, ಅದೂ ಎದೆಯ ಮಟ್ಟದವರೆಗಿನ ಚಿತ್ರಕ್ಕೆ, ಇದರಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ನನಗೆ ಎರವಲು ಸಿಕ್ಕಿದ್ದು ಇದರ ಹಳೆಯ ಮಾದರಿ. ಅದರ ಫೋಕಸ್ ಮೋಟಾರಿನ ಸದ್ದು ಸಂಗೀತದ ಅಭ್ಯಾಸ ನಡೆಯುತ್ತಿದ್ದ ಕೋಣೆಯಲ್ಲಿ ಎದ್ದು ಕೇಳಿಸಿತು, ಹಾಡುತ್ತಿದ್ದವರು ಒಮ್ಮೆ ತಿರುಗಿಯೂ ನೋಡಿದರು. ನಿಜವಾದ ತೊಡಕು ಮಾತ್ರ ಬೇರೆಯೇ ಆಗಿತ್ತು. ಎರಡು ಮೀಟರ್ ದೂರದಿಂದ ಈ ಲೆನ್ಸ್ ನನ್ನ ಕ್ಯಾಮೆರಾದಲ್ಲಿ ಹಿಡಿಯುವ ಅಗಲ 90 ಸೆಂಟಿಮೀಟರಿಗೂ ಕಡಿಮೆ. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರನ್ನು ಆರಾಮವಾಗಿ ತೋರಿಸಲು ಒಂದೂವರೆ ಮೀಟರ್ ಅಗಲ ಬೇಕೆಂದುಕೊಂಡರೆ ನಾನು ಸುಮಾರು 3.4 ಮೀಟರ್ ಹಿಂದೆ ಸರಿಯಬೇಕಾಗುತ್ತದೆ. ಮೂರೂವರೆ ಮೀಟರ್ ಉದ್ದದ ಕೋಣೆಯಲ್ಲಿ, ಎದುರಿನ ಗೋಡೆಗೆ ಸೇರಿಸಿದ ಆಸನದಲ್ಲಿ ಅವರು ಕುಳಿತಿರುವಾಗ, ಅಷ್ಟು ದೂರ ಎಲ್ಲಿಂದ ಬರಬೇಕು? ಗೋಡೆಗೆ ಬೆನ್ನು ಆನಿಸಿ ನಿಂತರೂ ಒಬ್ಬರ ಭುಜ ಚೌಕಟ್ಟಿನ ಹೊರಗೇ ಉಳಿಯುತ್ತಿತ್ತು.

ಎಫ್/1.4 ಲೆನ್ಸಿನ ಮೇಲೆ ನನಗೆ ಅತ್ಯಂತ ಹೆಚ್ಚು ನಿರೀಕ್ಷೆಯಿತ್ತು, ಹಾಗಾಗಿ ಅದನ್ನೇ ಅತಿ ಹೆಚ್ಚು ದಿನ ಇಟ್ಟುಕೊಂಡೆ. ಎಫ್/1.8ಕ್ಕೆ ಹೋಲಿಸಿದರೆ ಅದು ಒಳಬಿಡುವ ಬೆಳಕು ಸುಮಾರು 1.65 ಪಟ್ಟು, ಅಂದರೆ ಒಂದು ಸ್ಟಾಪಿನ (ಬೆಳಕು ಇಮ್ಮಡಿಯಾಗುವ ಒಂದು ಹಂತದ) ಮೂರನೇ ಎರಡು ಭಾಗದಷ್ಟು ಹೆಚ್ಚು. ಐಎಸ್‌ಒ ಭಾಷೆಯಲ್ಲಿ ಹೇಳುವುದಾದರೆ 1600ರ ಬದಲು 1000ಕ್ಕೆ ಇಳಿಯಬಹುದು. ಈ ಎರಡು ಐಎಸ್‌ಒಗಳಲ್ಲಿ ತೆಗೆದ ಒಂದೇ ದೃಶ್ಯದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನೆರಳಿನ ಭಾಗಗಳಲ್ಲಿ ನಾಯ್ಸ್, ಅಂದರೆ ಮರಳಿನಂಥ ಚುಕ್ಕಿಗಳ, ವ್ಯತ್ಯಾಸ ಇತ್ತು, ಆದರೆ ಹುಡುಕಿದರೆ ಮಾತ್ರ ಕಾಣುವಷ್ಟು ಇತ್ತು. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಹುಡುಕದೆಯೂ ಕಾಣುತ್ತಿತ್ತು. ಎರಡು ಮೀಟರ್ ದೂರದಲ್ಲಿ ಎಫ್/1.4ರಲ್ಲಿ ಫೋಕಸ್‌ನಲ್ಲಿ ಉಳಿಯುವ ಆಳ ನನ್ನ ಕ್ಯಾಮೆರಾದಲ್ಲಿ ಎಂಟೂವರೆ ಸೆಂಟಿಮೀಟರ್ ಮಾತ್ರ. ಅದೂ ಫೋಕಸ್ ಬಿಂದುವಿನ ಹಿಂದೆ ಮುಂದೆ ಹಂಚಿಹೋಗುವ ಅಳತೆ. ಕುಳಿತವರು ಉಸಿರೆಳೆದು ತುಸು ಮುಂದೆ ಬಾಗಿದರೆ, ಅಥವಾ ಶಟರ್ ಒತ್ತುವ ಮೊದಲು ನಾನೇ ತುಸು ಹಿಂದೆ ವಾಲಿದರೆ, ಅರ್ಧದಷ್ಟು ಅಲ್ಲಿಯೇ ಮುಗಿಯುತ್ತದೆ. ಇಬ್ಬರು ಎದುರುಬದುರು ಕುಳಿತು ಚದುರಂಗ ಆಡುತ್ತಿದ್ದುದನ್ನು ಒಂದು ಸಂಜೆ ಪೂರ್ತಿ ಎಫ್/1.4ರಲ್ಲೇ ತೆಗೆದೆ. ಇಬ್ಬರ ಮುಖವೂ ಸ್ಪಷ್ಟವಾಗಿ ಬಂದ ಚಿತ್ರ ಒಂದೂ ಇರಲಿಲ್ಲ, ಒಬ್ಬರ ಕಣ್ಣು ಸ್ಪಷ್ಟವಾಗಿ ಬಂದವೂ ಬೆರಳೆಣಿಕೆಯಷ್ಟು.

ಈ ಲೆನ್ಸನ್ನು ಪೂರ್ತಿ ತೆರೆದಾಗ ಇನ್ನೆರಡು ದೋಷಗಳು ಕಂಡವು. ದೀಪದ ಅಂಚಿನಲ್ಲೂ ಹೊಳೆಯುವ ಕೂದಲ ಎಳೆಗಳ ಸುತ್ತಲೂ ಫೋಕಸ್‌ಗಿಂತ ಮುಂದಿನ ಭಾಗಕ್ಕೆ ನೇರಳೆ, ಹಿಂದಿನ ಭಾಗಕ್ಕೆ ಹಸಿರು ಬಣ್ಣ ತಗಲುತ್ತಿತ್ತು; ಚಿತ್ರದ ಮೂಲೆಗಳಲ್ಲಿದ್ದ ಬೆಳಕಿನ ಚುಕ್ಕಿಗಳು ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರಕ್ಕೆ ಎಳೆದುಕೊಳ್ಳುತ್ತಿದ್ದವು. ಎಫ್/2ಕ್ಕೆ ಇಳಿಸಿದರೆ ಎರಡೂ ಬಹುಮಟ್ಟಿಗೆ ತಗ್ಗುತ್ತವೆ, ಮತ್ತು ನ್ಯಾಯವಾಗಿ ಹೇಳಬೇಕಾದರೆ, ಎಫ್/2ರಲ್ಲಿ ಈ ಲೆನ್ಸ್ ಕೊಡುವ ಚಿತ್ರ ಎಫ್/1.8 ಲೆನ್ಸ್ ಅದೇ ಎಫ್/2ರಲ್ಲಿ ಕೊಡುವುದಕ್ಕಿಂತ ನಿಚ್ಚಳವಾಗಿತ್ತು. ಹಿನ್ನೆಲೆ ಮಸುಕಾಗುವ ಬಗೆಯೂ, ಅಪರ್ಚರ್‌ನ ಅಲಗುಗಳು ಹೆಚ್ಚಿರುವುದರಿಂದ, ನಯವಾಗಿತ್ತು. ಆದರೆ ಎಫ್/1.4ಕ್ಕಾಗಿ ಆರಿಸಿದ ಲೆನ್ಸನ್ನು ದಿನವೂ ಎಫ್/2ರಲ್ಲಿ ಬಳಸುವುದಾದರೆ ಆ ಆಯ್ಕೆಯ ಕಾರಣವೇ ಸಡಿಲವಾಗುತ್ತದೆ.

ಇಲ್ಲಿ ಆಟೋಫೋಕಸ್ ಬಗ್ಗೆ ಒಂದು ಮಾತು ಸೇರಿಸಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಎರಡರ ನಡುವಿನ ಹೊಂದಾಣಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಎಫ್/5.6ರಲ್ಲಿ ಅದು ಮರೆಯಾಗಿರುತ್ತದೆ, ಎಫ್/1.4ರಲ್ಲಿ ಹೊರಬೀಳುತ್ತದೆ. ಆದ್ದರಿಂದ ಯಾವುದೇ ಫಾಸ್ಟ್ ಲೆನ್ಸ್ ಕೈಗೆ ಬಂದ ಮೊದಲ ದಿನ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಓರೆಯಾಗಿ ಇರಿಸಿದ ಅಳತೆಪಟ್ಟಿಯ ಒಂದು ಗೆರೆಗೆ ಫೋಕಸ್ ಮಾಡಿ, ನಿಜವಾಗಿ ಸ್ಪಷ್ಟವಾದ ಗೆರೆ ಅದೇ ಹೌದೇ ಎಂದು ನೋಡಿಬಿಡಬೇಕು. ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾಗಳು ಚಿತ್ರದ ಸೆನ್ಸರ್ ಮೇಲೆಯೇ ಫೋಕಸ್ ಅಳೆಯುವುದರಿಂದ ಈ ತಪ್ಪು ಅವುಗಳಲ್ಲಿ ಇರುವುದಿಲ್ಲ, ಆದರೆ ಎಂಟೂವರೆ ಸೆಂಟಿಮೀಟರಿನ ಆಳ ಅವುಗಳಲ್ಲೂ ಹಿಗ್ಗುವುದಿಲ್ಲ.

35 ಮಿ.ಮೀ. ಎಫ್/2 ಲೆನ್ಸನ್ನು ನಾನು ಕೈಗೆತ್ತಿಕೊಂಡಿದ್ದು ಅಷ್ಟೇನೂ ಉತ್ಸಾಹವಿಲ್ಲದೆ. ಕಾಗದದ ಮೇಲೆ ಇದು 50 ಮಿ.ಮೀ. ಎಫ್/1.4ಕ್ಕಿಂತ ಪೂರ್ತಿ ಒಂದು ಸ್ಟಾಪ್ ಹಿಂದೆ. ಆದರೆ ಮೊದಲ ಸಂಜೆಯೇ, ಅದೇ ಮೂರೂವರೆ ಮೀಟರ್ ಕೋಣೆಯಲ್ಲಿ, ಆ ಇಬ್ಬರನ್ನು ನಾನು 2.4 ಮೀಟರ್ ದೂರದಿಂದ ಪೂರ್ತಿಯಾಗಿ ಹಿಡಿದೆ; ಬೆನ್ನ ಹಿಂದೆ ಇನ್ನೂ ಸರಿಯಲು ಜಾಗ ಉಳಿದಿತ್ತು, ದೀಪವೂ ಚೌಕಟ್ಟಿನೊಳಗೆ ಬಂದಿತ್ತು. ಎರಡು ಮೀಟರ್ ದೂರದಲ್ಲಿ ಇದರ ಫೋಕಸ್ ಆಳ ಸುಮಾರು 25 ಸೆಂಟಿಮೀಟರ್, ಎಫ್/1.4ರಲ್ಲಿ ಸಿಕ್ಕಿದ್ದರ ಮೂರು ಪಟ್ಟಿನ ಹತ್ತಿರ. ಚದುರಂಗದವರನ್ನು ಪಕ್ಕದಿಂದ ತುಸು ಓರೆಯಾಗಿ ನಿಂತು ತೆಗೆದಾಗ ಆಡುವ ಕೈ, ಮಣೆಯ ಮೇಲಿನ ಕಾಯಿ, ಯೋಚಿಸುತ್ತಿರುವ ಮುಖ ಮೂರೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ನಿಂತವು. ಹತ್ತಿರ ಹೋದರೆ ಈ ಆಳವೂ ಕಿರಿದಾಗುತ್ತದೆ ಎಂಬುದನ್ನು ಮರೆಯಬಾರದು. 50 ಮಿ.ಮೀ. ಎರಡು ಮೀಟರಿನಿಂದ ಹಿಡಿಯುವ ಚೌಕಟ್ಟನ್ನೇ 35ರಲ್ಲಿ 1.4 ಮೀಟರಿನಿಂದ ಹಿಡಿದರೆ ಆಳ ಹನ್ನೆರಡು ಸೆಂಟಿಮೀಟರಿಗೆ ಬರುತ್ತದೆ. ಆದರೆ ಕೋಣೆಯೊಳಗೆ ನನಗೆ ಬೇಕಾದ ಚಿತ್ರ ಹೆಚ್ಚಾಗಿ ಮನುಷ್ಯರೂ ಅವರ ಸುತ್ತಲಿನ ಜಾಗವೂ ಸೇರಿದ್ದು, ಮತ್ತು ಅದಕ್ಕೆ ಈ ನೋಟ ತಾನಾಗಿಯೇ ಹೊಂದಿಕೊಂಡಿತು.

ಸ್ಟೆಬಿಲೈಸೇಶನ್ ಬಗ್ಗೆ ಬಹಳ ಜನರಿಗೆ ತಪ್ಪು ತಿಳುವಳಿಕೆ ಇರುವುದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಅದು ಕ್ಯಾಮೆರಾ ಹಿಡಿದ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಎದುರಿನವರ ಚಲನೆಯನ್ನಲ್ಲ. ಖಾಲಿ ಓದುಕೋಣೆಯನ್ನು ನಾನು ಈ ಲೆನ್ಸಿನಲ್ಲಿ 1/8 ಸೆಕೆಂಡಿನಲ್ಲಿ ಕೈಯಲ್ಲೇ ಹಿಡಿದು ತೆಗೆದೆ, ಪುಸ್ತಕಗಳ ಬೆನ್ನಿನ ಅಕ್ಷರಗಳನ್ನು ಓದಬಹುದಾಗಿತ್ತು. ಅದೇ ವೇಗದಲ್ಲಿ ಅಲ್ಲಿ ನಡೆದಾಡಿದವರು ಹೊಗೆಯಂತೆ ಕಂಡರು. ಓದುವವರು, ಕೇಳುವವರು, ನಿದ್ದೆಹೋದ ಮಗು, ಇಂಥ ನಿಶ್ಚಲತೆ ಇರುವಲ್ಲಿ ಈ ಸೌಲಭ್ಯ ಎರಡು ಮೂರು ಸ್ಟಾಪ್‌ಗಳ ಬೆಳಕಿಗೆ ಸಮ. ಕುಣಿಯುವ ಮಗುವಿನ ಮುಂದೆ ಅದರ ಪ್ರಯೋಜನ ಸೊನ್ನೆ.

17-55 ಮಿ.ಮೀ. ಎಫ್/2.8 ಜೂಮ್ ಒಳ್ಳೆಯ ಲೆನ್ಸ್, ಭಾರವಾದದ್ದು. ಒಂದೇ ಜಾಗದಲ್ಲಿ ನಿಂತು ಇಡೀ ಗುಂಪನ್ನೂ ಒಬ್ಬರ ಮುಖವನ್ನೂ ಹಿಡಿಯಬೇಕಾದವರಿಗೆ, ಎರಡನೇ ಅವಕಾಶವಿಲ್ಲದ ಸಂದರ್ಭಗಳಲ್ಲಿ ಕೆಲಸ ಮಾಡುವವರಿಗೆ, ಇದೇ ಸರಿ. ನನ್ನ ದೀಪದಡಿ ಅದು ಕೊಟ್ಟ 1/60 ಮಾತ್ರ ಮಾತನಾಡುವವರ ಕೈಗಳನ್ನು ಹಿಡಿದು ನಿಲ್ಲಿಸಲಿಲ್ಲ, ಐಎಸ್‌ಒ 3200ಕ್ಕೆ ಏರಿಸಬೇಕಾಯಿತು, ಮತ್ತು ನನ್ನ ಕ್ಯಾಮೆರಾದಲ್ಲಿ ಅಲ್ಲಿಂದ ಮುಂದೆ ಚರ್ಮದ ಬಣ್ಣ ಕೆಡುತ್ತದೆ.

85 ಮಿ.ಮೀ. ಎಫ್/1.8 ಕೋಣೆಯೊಳಗೆ ಕೆಲಸಕ್ಕೆ ಬರಲಿಲ್ಲ. ಎರಡು ಮೀಟರಿನಿಂದ ಅದು ಹಿಡಿಯುವುದು ಅರ್ಧ ಮೀಟರ್ ಅಗಲವನ್ನು, ಫೋಕಸ್ ಆಳ ನಾಲ್ಕು ಸೆಂಟಿಮೀಟರಿಗೂ ಕಡಿಮೆ. ಆದರೆ ಒಂದು ಸಣ್ಣ ಸಭಾಂಗಣದ ನಾಲ್ಕನೇ ಸಾಲಿನಿಂದ ವೇದಿಕೆಯತ್ತ ಅದನ್ನು ಎತ್ತಿದಾಗ ಉಳಿದ ನಾಲ್ಕೂ ಲೆನ್ಸ್‌ಗಳನ್ನು ಚೀಲದಿಂದ ತೆಗೆಯುವ ಅಗತ್ಯವೇ ಬೀಳಲಿಲ್ಲ. ದೂರ ಹೆಚ್ಚಿದಂತೆ ಫೋಕಸ್ ಆಳವೂ ಹಿಗ್ಗಿ, ಎಂಟು ಮೀಟರ್ ಆಚೆಗಿದ್ದ ಗಾಯಕರ ಮುಖದಿಂದ ತಂಬೂರಿಯ ಮೇಲಿದ್ದ ಬೆರಳುಗಳವರೆಗೆ ಎಲ್ಲವೂ ಎಫ್/1.8ರಲ್ಲೇ ಸ್ಪಷ್ಟವಾಗಿದ್ದವು. ಸದ್ದಿಲ್ಲದ, ಚುರುಕಾದ ಫೋಕಸ್ ಮೋಟಾರ್ ಅಂಥ ಕಡೆ ಎಷ್ಟು ದೊಡ್ಡ ಉಪಕಾರವೆಂದು ಅಂದು ತಿಳಿಯಿತು. ಅಷ್ಟು ಬೆಳಕಿದ್ದುದರಿಂದ ನಾನು ಮೊದಲು 1/500 ಇಟ್ಟಿದ್ದೆ, ಆದರೆ ಒಂದರ ನಂತರ ಒಂದು ಚಿತ್ರ ಬೇರೆ ಬೇರೆ ಬಣ್ಣಕ್ಕೆ ತಿರುಗಿತು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತವೆ. ಶಟರ್ ಅದಕ್ಕಿಂತ ಚುರುಕಾದರೆ ಆ ಏರಿಳಿತದ ಒಂದು ತುಣುಕು ಮಾತ್ರ ಚಿತ್ರಕ್ಕೆ ಸಿಗುತ್ತದೆ. 1/100ಕ್ಕೆ ಇಳಿಸಿದ ಮೇಲೆ ಬಣ್ಣ ಸ್ಥಿರವಾಯಿತು. ಲೆನ್ಸ್ ಎಷ್ಟೇ ಫಾಸ್ಟ್ ಆಗಿದ್ದರೂ ಇಂಥ ದೀಪಗಳಡಿ ಅದು ಗಳಿಸಿಕೊಡುವ ಶಟರ್ ವೇಗವನ್ನೆಲ್ಲ ಬಳಸಲು ಆಗುವುದಿಲ್ಲ ಎಂಬುದೂ ನನ್ನ ಲೆಕ್ಕದಲ್ಲಿ ಎಫ್/1.4ರ ತೂಕವನ್ನು ಇನ್ನಷ್ಟು ತಗ್ಗಿಸಿತು.

ಎರವಲು ತಂದ ಎಲ್ಲವನ್ನೂ ಹಿಂತಿರುಗಿಸಿದ ಮೇಲೆ ನಾನು ಕೊಂಡದ್ದು 35 ಮಿ.ಮೀ. ಎಫ್/2 ಲೆನ್ಸನ್ನು. ಅದು ಈಗ ಕ್ಯಾಮೆರಾದ ಮೇಲೆಯೇ ಇರುತ್ತದೆ: ಅಪರ್ಚರ್ ಎಫ್/2.2, ಶಟರ್ 1/100, ಐಎಸ್‌ಒ ಬೇಕಾದಂತೆ ಏರಿಳಿಯಲು ಬಿಟ್ಟು ಮೇಲ್ಮಿತಿ 3200. ವೇದಿಕೆಯ ಚಿತ್ರಗಳಿಗೆ ಕರೆ ಬಂದ ದಿನ 85 ಮಿ.ಮೀ. ಲೆನ್ಸನ್ನು ಮತ್ತೆ ಎರವಲು ತರುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಬದಲಾದರೆ 35ರ ಈ ಜಾಗಕ್ಕೆ 50 ಮಿ.ಮೀ. ಲೆನ್ಸೇ ಬರಬೇಕಾಗುತ್ತದೆ, ಮತ್ತು ಆಗ ನಾನು ಆರಿಸಿಕೊಳ್ಳುವುದು ಎಫ್/1.8 ಇರುವುದನ್ನು.