ಬಸ್ ಗ್ರೂಪ್ ಟೂರ್: ಟೂರಿಸ್ಟ್ ಆಗಿಯೇ ಹೋಗುವವರಿಗೆ ಒಂದು ವಿಮರ್ಶೆ

'ನಾನು ಟೂರಿಸ್ಟ್ ಅಲ್ಲ, ಟ್ರಾವೆಲರ್' ಅನ್ನುವವರು ಮೊದಲು ಬೈಯುವುದು ಬಸ್ ಗ್ರೂಪ್ ಟೂರನ್ನೇ. ನಲವತ್ತೈದು ಜನ, ಒಂದು ಬಸ್ಸು, ಒಬ್ಬ ಟೂರ್ ಮ್ಯಾನೇಜರ್, ದಿನಕ್ಕೊಂದು ಊರು. ಬೈಗುಳಕ್ಕೆ ಕಾರಣಗಳಿವೆ, ನಿಜ. ಆದರೆ ಗುಂಪಿನಲ್ಲಿ ಹೋಗುವುದೇ ಕೀಳು ಅನ್ನುವ ಕಾರಣಕ್ಕೆ ಬೈದರೆ ಅದು ಸಲ್ಲದು. ಈ ಸೇವೆಯಲ್ಲಿ ದುಡ್ಡು ಕೊಟ್ಟು ಪಡೆಯುವುದು ಇನ್ನೊಬ್ಬರು ಮೊದಲೇ ಮಾಡಿಟ್ಟ ನಿರ್ಧಾರಗಳನ್ನು: ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ಇರಬೇಕು, ಯಾರು ವಿವರಿಸಬೇಕು. ಅವು ಒಳ್ಳೆಯ ನಿರ್ಧಾರಗಳೇ ಅನ್ನುವುದಷ್ಟೇ ಇಲ್ಲಿ ನೋಡಬೇಕಾದದ್ದು.

ಈ ಒಪ್ಪಂದ ಹೊಸದಲ್ಲ. 1841ರ ಜುಲೈ 5ರಂದು ಥಾಮಸ್ ಕುಕ್ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ವಿಶೇಷ ರೈಲಿನಲ್ಲಿ ಪಾನವಿರೋಧಿ ಸಭೆಯೊಂದಕ್ಕೆ ಕರೆದುಕೊಂಡು ಹೋದ. ವ್ಯವಸ್ಥೆಯೆಲ್ಲ ಆಯೋಜಕನದು, ಹೋಗಿ ಬರುವ ಹೊತ್ತೂ ಅವನು ಗೊತ್ತುಮಾಡಿದ್ದು. ಇವತ್ತಿಗೂ ಅಷ್ಟೇ.

ಬುಕ್ ಮಾಡುವ ಮುಂಚೆ ಕಾರ್ಯಕ್ರಮ ಪಟ್ಟಿಯನ್ನು ಪೆನ್ನು ಹಿಡಿದು ಓದಬೇಕು. ಅಲ್ಲಿನ ಒಂದೊಂದು ಪದಕ್ಕೂ ಈ ವ್ಯವಹಾರದಲ್ಲಿ ಗೊತ್ತಾದ ಅರ್ಥವಿದೆ. 'ವಿಸಿಟ್' ಅಂದರೆ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಟಿಕೆಟ್ ಸೇರಿದೆ ಎಂದು ಪ್ರತ್ಯೇಕವಾಗಿ ಬರೆದಿರದಿದ್ದರೆ ಒಳಗೆ ಬಿಡುತ್ತಾರೆ ಎಂದು ನಂಬಬೇಡಿ. 'ಫೋಟೊ ಸ್ಟಾಪ್' ಅಂದರೆ ಹದಿನೈದು ಇಪ್ಪತ್ತು ನಿಮಿಷ, ಹೊರಗಿನಿಂದಲೇ ನೋಡಿ ಹತ್ತಬೇಕು. 'ಪನೋರಮಿಕ್ ಟೂರ್' ಅಂದರೆ ಹೆಚ್ಚಿನದೆಲ್ಲ ಬಸ್ಸಿನ ಕಿಟಕಿಯಿಂದ, ಅದೂ ನೀವು ಕೂತಿರುವ ಕಡೆಗೆ ಬಂದರೆ. 'ಅಟ್ ಲೀಷರ್' ಅಂದರೆ ಬಸ್ಸೂ ಇಲ್ಲ, ಗೈಡೂ ಇಲ್ಲ. ಹೆಚ್ಚುವರಿ ದುಡ್ಡಿನ 'ಆಪ್ಷನಲ್' ಟೂರ್‌ಗಳನ್ನು ಮಾರುವುದು ಈ ಹೊತ್ತಿನಲ್ಲೇ. ಹೋಟೆಲಿನ ಹೆಸರಿನ ಮುಂದೆ 'ಆರ್ ಸಿಮಿಲರ್' (ಅಥವಾ ಅಂಥದ್ದೇ ಇನ್ನೊಂದು) ಎಂದಿದ್ದರೆ ಊರಾಚೆಯ ಹೋಟೆಲೂ ಆಗಬಹುದು. ಕೇಂದ್ರಕ್ಕೆ ಎಷ್ಟು ಕಿಲೋಮೀಟರ್ ಎಂದು ಬರಹದಲ್ಲಿ ಕೇಳಿ.

ಆಮೇಲೆ ಲೆಕ್ಕ. ಪಟ್ಟಿಯಲ್ಲಿ ಒಂದೂವರೆ ಗಂಟೆಯ ವಿಸಿಟ್ ಇದೆ ಎಂದಿಟ್ಟುಕೊಳ್ಳಿ. ನಲವತ್ತೈದು ಜನ ಬಸ್ಸಿನ ಎರಡು ಬಾಗಿಲಿಂದ ಇಳಿಯಲು ಎಂಟು ನಿಮಿಷ ಬೇಕು. ಹಳೆಯ ಪೇಟೆಗಳ ಒಳಗೆ ದೊಡ್ಡ ಬಸ್ಸು ಹೋಗುವುದಿಲ್ಲ, ಹಾಗಾಗಿ ನಿಲ್ದಾಣದಿಂದ ನಡೆದು ಹೋಗಿ ಬರಲು ಇಪ್ಪತ್ತು. ಶೌಚಾಲಯದ ಸಾಲಿಗೆ ಹತ್ತು, ಗೈಡ್ ಮಾತು ಕಿವಿಗೆ ಕೇಳಿಸುವ ಹೆಡ್‌ಸೆಟ್ ಹಂಚಿ ಪರೀಕ್ಷಿಸಲು ಐದು, ಕೊನೆಗೆ ತಲೆ ಎಣಿಸಲು ಏಳು. ಉಳಿದದ್ದು ನಲವತ್ತು ನಿಮಿಷ. ಇದರಲ್ಲಿ ಯಾರ ತಪ್ಪೂ ಇಲ್ಲ, ತಲೆಗಳ ಸಂಖ್ಯೆ ಹೆಚ್ಚಾದಾಗ ಆಗುವುದೇ ಹೀಗೆ. ಇಪ್ಪತ್ತೈದು ಜನರ ಗುಂಪಾದರೆ ಇಳಿಯುವ, ಸಾಲು ನಿಲ್ಲುವ, ಎಣಿಸುವ ಹೊತ್ತು ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಎರಡು ಪ್ಯಾಕೇಜ್‌ಗಳನ್ನು ಹೋಲಿಸುವಾಗ 'ಎಷ್ಟು ಜಾಗ ತೋರಿಸುತ್ತಾರೆ' ಎಂದು ಕೇಳುವ ಮೊದಲು 'ಗುಂಪಿನಲ್ಲಿ ಗರಿಷ್ಠ ಎಷ್ಟು ಜನ' ಎಂದು ಕೇಳಿ.

'ಇನ್ನು ಹತ್ತೇ ನಿಮಿಷ' ಎಂದು ಗೋಗರೆದರೂ ಟೂರ್ ಮ್ಯಾನೇಜರ್ ಒಪ್ಪದಿರುವುದಕ್ಕೂ ಕಾರಣವಿದೆ. ಯುರೋಪಿನ ಟೂರನ್ನೇ ತೆಗೆದುಕೊಳ್ಳಿ: ಯುರೋಪಿಯನ್ ಒಕ್ಕೂಟದ ನಿಯಮದಂತೆ ಚಾಲಕ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷದ ವಿರಾಮ ಕಡ್ಡಾಯ, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ರಾತ್ರಿ ಮಾಮೂಲಾಗಿ ಹನ್ನೊಂದು ಗಂಟೆ ಬಿಡುವು ಬೇಕು. ಬಸ್ಸಿನಲ್ಲಿರುವ ಟಾಕೊಗ್ರಾಫ್ ಇದೆಲ್ಲವನ್ನೂ ದಾಖಲಿಸುತ್ತದೆ. ಸಂಜೆ ತಡವಾಗಿ ಹೋಟೆಲ್ ಮುಟ್ಟಿದರೆ ಮರುದಿನ ಬೆಳಗ್ಗೆ ತಡವಾಗಿಯೇ ಹೊರಡಬೇಕು, ಮೊದಲ ಜಾಗದ ಗೊತ್ತುಮಾಡಿದ ಟಿಕೆಟ್ ವೇಳೆ ಕೈತಪ್ಪುತ್ತದೆ.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಈ ಸೇವೆಗೆ ಬೆಲೆ ತರುವವರು ಸ್ಥಳೀಯ ಗೈಡ್. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೋನಾಲಿಸಾ ಇರುವ ಕೋಣೆಯನ್ನೇ ನೋಡಿ. ಚಿತ್ರದ ಅಳತೆ 77 ಸೆಂಟಿಮೀಟರ್ ಎತ್ತರ, 53 ಅಗಲ. ಗಾಜಿನ ಹಿಂದೆ, ಕಟ್ಟೆಯಾಚೆ. ಜನ ಮೊಬೈಲ್ ಎತ್ತಿಕೊಂಡೇ ಸರಿಯುತ್ತಾರೆ. ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರ ಪರದೆಗಳಲ್ಲಿರುವ ಪುಟ್ಟ ಮೋನಾಲಿಸಾಗಳು. ಅದೇ ಕೋಣೆಯ ಎದುರು ಗೋಡೆಯಲ್ಲಿ ಚಿತ್ರಕಾರ ವೆರೊನೀಸೆಯ 'ಕಾನಾದ ಮದುವೆ' ಇದೆ, ಸುಮಾರು ಹತ್ತು ಮೀಟರ್ ಅಗಲ, ಏಳು ಮೀಟರ್‌ಗೆ ಸಮೀಪದ ಎತ್ತರ. ಬಹುಪಾಲು ಜನ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ಒಳ್ಳೆಯ ಗೈಡ್ ಬಾಗಿಲಲ್ಲೇ 'ಮೊದಲು ಹಿಂದೆ ತಿರುಗಿ' ಎಂದು ಹೇಳುತ್ತಾರೆ. ಆ ಒಂದು ಮಾತಿಗೆ ಕೊಟ್ಟ ದುಡ್ಡು ಸಾರ್ಥಕ.

ವ್ಯಾಟಿಕನ್ ಮ್ಯೂಸಿಯಂನಲ್ಲಿ ಇನ್ನೊಂದು ಬಗೆ. ಅಲ್ಲಿನ ಸಿಸ್ಟೀನ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದ ಒಳಗೆ ಮೌನ ಪಾಲಿಸಬೇಕು, ಫೋಟೊ ತೆಗೆಯುವಂತಿಲ್ಲ. ಗೈಡ್‌ಗಳು ಹೊರಗಿನ ಅಂಗಳದ ಫಲಕಗಳ ಮುಂದೆ ನಿಂತು ಛಾವಣಿಯ ಚಿತ್ರಗಳನ್ನು ಮೊದಲೇ ವಿವರಿಸುತ್ತಾರೆ. ಆ ಹೊತ್ತಿನಲ್ಲಿ ನೆರಳು ಹುಡುಕಿಕೊಂಡು ಹೋದವರು ಒಳಗೆ ಹೋಗಿ ಕತ್ತೆತ್ತಿದರೂ ಯಾವುದು ಏನೆಂದು ತಿಳಿಯುವುದಿಲ್ಲ. ಇಟಲಿ, ಗ್ರೀಸ್‌ನಂಥ ದೇಶಗಳಲ್ಲಿ ಇಂಥ ವಿವರಣೆ ಕೊಡಲು ಪರವಾನಗಿ ಬೇಕು. ಪಟ್ಟಿಯಲ್ಲಿ 'ಲೋಕಲ್ ಗೈಡ್' ಎಂದಿಲ್ಲದಿದ್ದರೆ ಜೊತೆಗೆ ಬರುವ ಟೂರ್ ಮ್ಯಾನೇಜರ್‌ಗೆ ಎಷ್ಟೇ ಗೊತ್ತಿದ್ದರೂ ಅಲ್ಲಿ ಬಾಯಿಬಿಡುವಂತಿಲ್ಲ. ವೆನಿಸ್‌ನಲ್ಲಿ 2024ರಿಂದ ಗೈಡ್ ಜೊತೆಗಿನ ಗುಂಪಿಗೆ 25 ಜನರ ಮಿತಿ, ಧ್ವನಿವರ್ಧಕವೂ ನಿಷಿದ್ಧ. ಒಂದು ಬಸ್ಸಿಗೆ ಎರಡು ಗೈಡ್ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ.

ಹೆಡ್‌ಸೆಟ್ ಬಗ್ಗೆ ಎರಡು ಮಾತು. ಬಹುತೇಕ ರಿಸೀವರ್‌ಗಳಿಗೆ 3.5 ಮಿಲಿಮೀಟರ್ ಪಿನ್ನಿನ ವೈರ್ ಇಯರ್‌ಫೋನ್ ಹಿಡಿಸುತ್ತದೆ, ಬ್ಲೂಟೂತ್ ನಡೆಯುವುದಿಲ್ಲ. ಅವರು ಕೊಡುವ, ಕಿವಿಗೆ ಸಿಕ್ಕಿಸುವ ಕೊಕ್ಕೆ ಸ್ವಲ್ಪ ಹೊತ್ತಿಗೇ ನೋವು ತರುತ್ತದೆ, ನಿಮ್ಮದೇ ಒಯ್ಯಿರಿ. ಚಾನೆಲ್ ಸಂಖ್ಯೆಯನ್ನು ಬರೆದುಕೊಳ್ಳಿ. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ಚಾನೆಲ್ ಬದಲಾಗುವುದು ಬ್ಯಾಟರಿ ಮುಗಿಯುವಷ್ಟೇ ಮಾಮೂಲು, ಆಗ ಪಕ್ಕದ ಗುಂಪಿನ ಗೈಡ್ ಬೇರೆ ಭಾಷೆಯಲ್ಲಿ ಕೇಳಿಸುತ್ತಾರೆ. ದಪ್ಪ ಗೋಡೆ ಅಡ್ಡ ಬಂದರೆ ದನಿ ಮುರಿಯುತ್ತದೆ.

ದೊಡ್ಡ ದೋಷ ಇರುವುದು ಊರು ಬದಲಿಸುವುದರಲ್ಲಿ. ರಾತ್ರಿಗಳ ಸಂಖ್ಯೆಯನ್ನು ಊರುಗಳ ಸಂಖ್ಯೆಯಿಂದ ಭಾಗಿಸಿ. ಉತ್ತರ ಎರಡಕ್ಕಿಂತ ಕಡಿಮೆ ಬಂದರೆ ಆ ಪ್ಯಾಕೇಜ್ ಬೇಡ ಅನ್ನುವುದೇ ನಮ್ಮ ಅಭಿಪ್ರಾಯ. ಹತ್ತು ರಾತ್ರಿಗೆ ಏಳು ಊರಾದರೆ ಆರು ಸಲ ಪೆಟ್ಟಿಗೆ ಕಟ್ಟಬೇಕು. ಬೆಳಗ್ಗೆ ಏಳಕ್ಕೆ ಪೆಟ್ಟಿಗೆ ಬಾಗಿಲಾಚೆ ಇರಬೇಕು, ಮುಂದಿನ ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ. ಪ್ರತಿ ಸಲವೂ ಅರ್ಧ ದಿನ ಹೋಯಿತು.

'ಟೂರಿಸ್ಟ್ ಅಲ್ಲದವರಿಗಾಗಿ' ಎಂದು ಮಾರುವ ಹನ್ನೆರಡು ಹದಿನಾರು ಜನರ ಟೂರ್‌ಗಳೂ ಈಗ ಬೇಕಾದಷ್ಟಿವೆ. ಗುಂಪು ಸಣ್ಣದು, ಹೊತ್ತು ಉಳಿಯುತ್ತದೆ, ಆ ಮಟ್ಟಿಗೆ ಸೇವೆ ಮೇಲು. ಆದರೆ 'ಊರಿನವರಂತೆ ಬದುಕಿ' ಅನ್ನುವ ಭರವಸೆಗೆ ಮರುಳಾಗಬೇಡಿ. ನಾಲ್ಕು ದಿನಕ್ಕೆ ಬಂದವರಿಗೆ ಅಲ್ಲಿ ಕೆಲಸವಿಲ್ಲ, ನೆರೆಹೊರೆಯಿಲ್ಲ, ಭಾಷೆ ಬಾರದು, ಹೋಗುವ ತಾರೀಕು ಟಿಕೆಟಿನಲ್ಲಿದೆ. ಇದನ್ನು ಒಪ್ಪಿಕೊಂಡ ಟೂರಿಸ್ಟ್ ಊರಿನವರ ಬಾಗಿಲಿಗೆ ಅಡ್ಡ ನಿಲ್ಲದೆ ಗೋಡೆಯ ಪಕ್ಕಕ್ಕೆ ಸರಿಯುತ್ತಾನೆ, ಗೊತ್ತಿಲ್ಲದ್ದನ್ನು ಕೇಳುತ್ತಾನೆ, ತನ್ನ ನಲವತ್ತು ನಿಮಿಷವನ್ನು ನೋಡುವುದಕ್ಕೇ ಇಡುತ್ತಾನೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮೊದಲ ಸಲ ಹೊರದೇಶಕ್ಕೆ ಹೊರಟವರಿಗೆ, ಟಿಕೆಟು ಹೋಟೆಲುಗಳ ಓಡಾಟ ತಮ್ಮಿಂದಾಗದು ಅನ್ನುವ ಹಿರಿಯರಿಗೆ ಈ ಸೇವೆ ಒಪ್ಪುತ್ತದೆ. ಮಂಡಿನೋವಿನವರು ಕಲ್ಲು ಹಾಸಿದ ಬೀದಿಗಳನ್ನು, ಬಸ್ಸಿನಿಂದ ದೂರದ ನಡಿಗೆಯನ್ನು ನೆನಪಿಡಬೇಕು. ಮ್ಯೂಸಿಯಂನಲ್ಲಿ ನಿಧಾನವಾಗಿ ನೋಡುವವರಿಗೆ ಇದು ಹಿಂಸೆ. ಅಂಥವರು ಆಪ್ಷನಲ್ ಟೂರ್ ಬಿಟ್ಟು ಅದೇ ಊರಿನಲ್ಲಿ ಉಳಿಯಬಹುದು. ಹಾಗೆ ಉಳಿಯುವುದನ್ನು ಟೂರ್ ಮ್ಯಾನೇಜರ್‌ಗೆ ಸಂದೇಶದಲ್ಲಿ ತಿಳಿಸಿ, ಮತ್ತೆ ಸೇರುವ ಜಾಗ ಮತ್ತು ಹೊತ್ತನ್ನು ಬರೆಸಿಕೊಳ್ಳಿ.

ವಿಮಾನದ ಟಿಕೆಟ್ ನಿಮ್ಮದೇ ಆಗಿದ್ದರೆ ಅವಸರ ಬೇಡ. ಕನಿಷ್ಠ ಜನ ಸೇರದಿದ್ದರೆ ಟೂರ್ ರದ್ದು ಮಾಡುವ ಹಕ್ಕನ್ನು ಕಂಪನಿಗಳು ಒಪ್ಪಂದದಲ್ಲಿ ಇಟ್ಟುಕೊಂಡಿರುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ಮಾರಿದ ಪ್ಯಾಕೇಜ್ ಆರು ದಿನಕ್ಕಿಂತ ಉದ್ದದ್ದಾದರೆ ಹೀಗೆ ರದ್ದು ಮಾಡುವುದನ್ನು ಹೊರಡುವುದಕ್ಕೆ 20 ದಿನ ಮುಂಚೆಯೇ ತಿಳಿಸಬೇಕು. ಪ್ಯಾಕೇಜ್ ಹಣವನ್ನು ಪೂರ್ತಿ ಹಿಂದಿರುಗಿಸಬೇಕು, ಆದರೆ ನೀವು ಬೇರೆಯಾಗಿ ಕೊಂಡ ವಿಮಾನ ಟಿಕೆಟಿನ ಹಣ ಅದರಲ್ಲಿ ಬರುವುದಿಲ್ಲ. 'ಗ್ಯಾರಂಟೀಡ್ ಡಿಪಾರ್ಚರ್', ಅಂದರೆ ಟೂರ್ ಖಂಡಿತ ಹೊರಡುತ್ತದೆ ಎಂಬ ಖಾತರಿ ಇಮೇಲ್‌ನಲ್ಲಿ ಬಂದ ಮೇಲೆಯೇ ವಿಮಾನ ಕಾದಿರಿಸಿ.