ಝೋಟೆರೋ ಕನ್ನಡಕ್ಕೆ ಎಷ್ಟು ಒಗ್ಗುತ್ತದೆ?

ಕಾಸರಗೋಡಿನ ಕನ್ನಡ ಸಂಶೋಧನಾ ವಿದ್ಯಾರ್ಥಿಯ ಗ್ರಂಥಸೂಚಿಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಲಿಪಿ ಇರುವುದು ಮಾಮೂಲು. ಅದನ್ನು ಕೈಯಲ್ಲೇ ಜೋಡಿಸಿ ಸುಸ್ತಾದವರಿಗೆ, ಪುಸ್ತಕಗಳ ವಿವರ ಕೂಡಿಟ್ಟು ಉಲ್ಲೇಖ, ಗ್ರಂಥಸೂಚಿಗಳನ್ನು ತಾನೇ ಜೋಡಿಸುವ ತಂತ್ರಾಂಶ ಝೋಟೆರೋ ಉಪಕಾರಿ. 2006ರಿಂದ ಇದೆ, ಉಚಿತ, ವರ್ಡ್‌ಗೂ ಲಿಬ್ರೆ ಆಫೀಸ್‌ಗೂ ಹೊಂದುತ್ತದೆ. ಆದರೆ ಇಂಗ್ಲಿಷ್ ಪುಸ್ತಕಕ್ಕೆ ಮಾಡುವ ಚಾಕರಿಯನ್ನು ಕನ್ನಡಕ್ಕೆ ಮಾಡುವುದಿಲ್ಲ.

ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಕೊಟ್ಟರೆ ವಿವರ ತಾನೇ ಬರುತ್ತದೆ ಎನ್ನುತ್ತಾರೆ. ನಮ್ಮ ಹಳೆಯ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ. ಇದ್ದರೂ ವಿವರ ಎಷ್ಟೋ ಸಲ ರೋಮನ್ ಲಿಪಿಯಲ್ಲಿ ಬರುತ್ತದೆ. ಶೀರ್ಷಿಕೆ ಪುಟದ ಹಿಂಬದಿ ನೋಡಿಕೊಂಡು ಟೈಪ್ ಮಾಡುವುದೇ ಲೇಸು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಿಂದ ನಕಲು ಮಾಡಿದರೆ ಅಕ್ಷರ ಕಲಸುಮೇಲೋಗರ. ಮೊದಲು ಯೂನಿಕೋಡಿಗೆ ಬದಲಿಸಿ.

ದೊಡ್ಡ ತೊಡಕು ಹೆಸರಿನದು. ಲೇಖಕರ ಹೆಸರಿಗೆ ಎರಡು ಖಾನೆ ಇವೆ: ಕುಲನಾಮ, ಮೊದಲ ಹೆಸರು. ಮಂಜೇಶ್ವರದ ಎಂ. ಗೋವಿಂದ ಪೈಯವರ ‘ಪೈ’ಯನ್ನು ಕುಲನಾಮದಲ್ಲಿಟ್ಟರೆ ಅವರು ‘ಪ’ ಅಕ್ಷರದಡಿ ಹೋಗಿ ಕೂರುತ್ತಾರೆ. ಕನ್ನಡ ಓದುಗ ಹುಡುಕುವುದು ‘ಗ’ದಲ್ಲಿ. ಕಯ್ಯಾರ ಕಿಞ್ಞಣ್ಣ ರೈ ಅವರಿಗೂ ಇದೇ ಪಾಡು. ಖಾನೆಯ ಪಕ್ಕದ ಗುಂಡಿ ಒತ್ತಿ ಒಂದೇ ಖಾನೆ ಮಾಡಿ, ‘ಗೋವಿಂದ ಪೈ ಎಂ.’ ಎಂದು ಬರೆಯಿರಿ; ಬರೆದ ಹಾಗೆಯೇ ಅಚ್ಚಾಗುತ್ತದೆ. ಒಮ್ಮೆ ಹೀಗೆ, ಒಮ್ಮೆ ಹಾಗೆ ಬರೆದರೆ ಮಾತ್ರ ಒಬ್ಬರೇ ಇಬ್ಬರಾಗುತ್ತಾರೆ.

ಇಂಗ್ಲಿಷ್ ಉಲ್ಲೇಖ ಶೈಲಿಯಲ್ಲಿ ಆವೃತ್ತಿ ಖಾನೆಗೆ 2 ಎಂದು ಹಾಕಿದರೆ ಗ್ರಂಥಸೂಚಿಯಲ್ಲಿ ಸಾಮಾನ್ಯವಾಗಿ ‘2nd ed.’ ಎಂದು ಇಂಗ್ಲಿಷಿನಲ್ಲೇ ಇಣುಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಪುಸ್ತಕದಲ್ಲಿ ‘ಎರಡನೆಯ ಮುದ್ರಣ’ ಎಂದಿದ್ದರೆ ಅದು ಪರಿಷ್ಕೃತ ಆವೃತ್ತಿಯೇ, ಬರೀ ಮರುಮುದ್ರಣವೇ ಎಂದು ನೋಡಿ. ಬರೀ ಮುದ್ರಣವಾದರೆ ಖಾನೆ ಖಾಲಿ ಬಿಡಿ.

ಪುಟಸಂಖ್ಯೆಯನ್ನು ವರ್ಡ್‌ನಲ್ಲಿ ಕೈಯಲ್ಲಿ ಸೇರಿಸಬೇಡಿ. ಉಲ್ಲೇಖ ಸೇರಿಸುವ ಪಟ್ಟಿಯಲ್ಲೇ ಆ ಪುಸ್ತಕದ ಮೇಲೆ ಒತ್ತಿದರೆ ಪುಟದ ಖಾನೆ ತೆರೆಯುತ್ತದೆ. ಕೈಯಲ್ಲಿ ತಿದ್ದಿದ ಉಲ್ಲೇಖ ಮುಂದೆ ತಾನಾಗಿ ನವೀಕರಣವಾಗುವುದಿಲ್ಲ. ಶೈಲಿ ಬದಲಿಸುವ ದಿನ ಅದು ಗೊತ್ತಾಗುತ್ತದೆ.

ಗ್ರಂಥಸೂಚಿಯಲ್ಲಿ ಇಂಗ್ಲಿಷ್ ಮೊದಲು, ಆಮೇಲೆ ಕನ್ನಡ, ಕೊನೆಗೆ ಮಲಯಾಳ ಬರುತ್ತದೆ. ಕನ್ನಡ ಮೊದಲು ಬೇಕೆನ್ನುವ ಮಾರ್ಗದರ್ಶಕರಿದ್ದರೆ, ಎಲ್ಲ ಮುಗಿದ ಮೇಲೆ ಪ್ರಬಂಧದ ಒಂದು ಪ್ರತಿ ಬೇರೆ ತೆಗೆದಿಟ್ಟು, ಇನ್ನೊಂದರಲ್ಲಿ ‘ಅನ್‌ಲಿಂಕ್ ಸೈಟೇಶನ್ಸ್’ ಒತ್ತಿ, ಸಾಲುಗಳನ್ನು ಎತ್ತಿ ಜೋಡಿಸಿ. ಒತ್ತಿದ ಕಡತಕ್ಕೂ ಝೋಟೆರೋಗೂ ಮತ್ತೆ ಸಂಬಂಧವಿಲ್ಲ.

ಕಡತಗಳನ್ನು ಸಿಂಕ್ ಮಾಡಿಡಲು ಝೋಟೆರೋ ಕೊಡುವ ಉಚಿತ ಜಾಗ 300 ಎಂಬಿ ಮಾತ್ರ. ಸ್ಕ್ಯಾನ್ ಮಾಡಿದ ನಾಲ್ಕೈದು ದಪ್ಪ ಪುಸ್ತಕಕ್ಕೇ ಅದು ತುಂಬಬಹುದು. ಪಿಡಿಎಫ್‌ಗಳ ಸಿಂಕ್ ನಿಲ್ಲಿಸಿದರೂ ಪುಸ್ತಕಗಳ ವಿವರ ಸಿಂಕ್ ಆಗುತ್ತಲೇ ಇರುತ್ತದೆ.