ನೆಲದಾಗ ಪೈಪ್ ಹಾಕಿಸಿ ನಾಕು ಬ್ಯಾಸಗಿ ಕಳದ್ವು, ಕಲಬುರಗಿ ಮನಿಯ ಖರೆ ಲೆಕ್ಕ

ನೆಲದಾಗ ಹೂತ ಪೈಪಿನಿಂದ ಕೋಣಿಗಿ ಗಾಳಿ ಬಿಡೋ ಈ ಸಿಸ್ಟಮ್ ಎಸಿ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ನಮ್ಮನಿಗಿ ಬಂದು ನೋಡ್ದವ್ರೆಲ್ಲಾ ಗ್ವಾಡಿ ಮ್ಯಾಲಿನ ಜಾಳಿಗಿ ಕೈ ಹಿಡದು "ಇಷ್ಟೇನಾ ತಂಪು?" ಅಂತ ಕೇಳ್ತಾರ. ಇಷ್ಟೇರಿ. ಹೊರಗ 43 ಡಿಗ್ರಿ ಇದ್ದಾಗ ಜಾಳಿಯಿಂದ 30, 31 ಡಿಗ್ರಿ ಗಾಳಿ ಬರ್ತದ, 24ಕ್ಕ ಇಳಿಸು ಅಂದ್ರ ಇಳಿಯಂಗಿಲ್ಲ, ಅದಕ್ಕ ರಿಮೋಟೂ ಇಲ್ಲ. ಆದ್ರ 43ರಾಗ ಕುಂತವ್ರಿಗಿ 31 ಅಂದ್ರ ಏನು ಅಂತ ಬಿಸಲ ನಾಡಿನವ್ರಿಗಿ ನಾ ಬಿಡಿಸಿ ಹೇಳೋದು ಬ್ಯಾಡ.

ನಮ್ಮ ಮನಿ ಸೇಡಂ ರೋಡ್ ಕಡಿ, ಒಂದೇ ಅಂತಸ್ತು, ಮ್ಯಾಲ ಆರ್‌ಸಿಸಿ ಸ್ಲ್ಯಾಬ್, ಕೆಳಗ ಶಹಾಬಾದ್ ಫರ್ಸಿ. ಅತ್ತಿಯವರಿಗಿ 76 ವಯಸ್ಸು, ದಮ್ಮಿನ ತ್ರಾಸ್ ಅದ. ಕೂಲರ್ ಹಚ್ಚಿದ್ರ ಆ ಹಸಿ ಗಾಳಿ ಅವರಿಗಿ ಆಗಂಗಿಲ್ಲ, ಎಸಿ ಹಚ್ಚಿ ಬಾಗಿಲು ಮುಚ್ಚಿದ್ರ ಉಸಿರು ಕಟ್ಟಿದಂಗಾಗ್ತದ ಅಂತಾರ, ಫ್ಯಾನ್ ಅಷ್ಟೇ ಹಚ್ಚಿದ್ರ ಮೇ ತಿಂಗಳಾಗ ಒಲಿ ಮುಂದ ಕುಂತಂಗ. ಇನ್ನ ಕೂಲರಿಗಿ ದಿನಾ ಎಂಟತ್ತು ಕೊಡ ನೀರು ಬೇಕು, ನಮ್ಮ ಓಣಿಗಿ ನಳದ ನೀರು ದಿನಾ ಬರಂಗಿಲ್ಲ. ಹಿಂಗ ಏನು ಮಾಡೋದು ಅಂತ ತಲಿ ಕೆಡಿಸ್ಕೊಂಡಾಗ ನಮ್ಮ ಮನಿಯವರು ಇದರ ಬಗ್ಗೆ ಓದ್ಕೊಂಡು ಬಂದ್ರು, ಅರ್ತ್ ಏರ್ ಟನಲ್ ಅಂತಾರ ಇದಕ್ಕ. ದಿಲ್ಲಿ ಕಡಿ ಗುರುಗ್ರಾಮ್ ಹತ್ರ ಇಂಧನದ ಸಂಶೋಧನೆ ಮಾಡೋ ಟೆರಿ ಸಂಸ್ಥೆಯವರ ಟ್ರೇನಿಂಗ್ ಸೆಂಟರಿನಾಗ ನೆಲದಿಂದ 4 ಮೀಟರ್ ಕೆಳಗ ದೊಡ್ಡ ಪೈಪ್ ಹಾಕಿ ಹಾಸ್ಟೆಲಿನ ಕೋಣಿ ತಂಪು ಮಾಡ್ಯಾರ, ಅದೇ ಪದ್ಧತಿ, ನಮ್ದು ಭಾಳ ಸಣ್ಣದು ಅಷ್ಟೇ.

ಕೆಲಸ ಹೆಂಗ ಮಾಡ್ತದ ಅಂದ್ರ, ಮೇ ತಿಂಗಳಾಗ ಬೋರ್ ಚಾಲೂ ಮಾಡಿ ಪೈಪಿನಾಗಿನ ನೀರು ಹೋದ ಮ್ಯಾಲ ಕೈ ಹಿಡೀರಿ, ತಣ್ಣಗ ಹತ್ತದ. ಅದೇ ಬೋರಿನ ನೀರು ಜನವರಿ ನಸುಕಿನ್ಯಾಗ ಬೆಚ್ಚಗ ಹತ್ತದ. ನೀರು ಬದಲಾಗಿಲ್ಲ, ನಮ್ಮ ಮೈ ಸುತ್ತಿನ ಹವಾ ಬದಲಾಗ್ಯದ. ನೆಲದಾಗ ಒಂದು ಮೀಟರ್ ಕೆಳಗ ಹೋದ್ರ ಹಗಲು ರಾತ್ರಿ ಫರಕು ಗೊತ್ತೇ ಆಗಂಗಿಲ್ಲ, ಇನ್ನೂ ಕೆಳಗ ಹೋದಂಗ ವರ್ಷದ ಬಿಸಿ ಥಂಡಿನೂ ಸಪಾಟ್ ಆಗ್ತಾ ಬಂದು ಆ ಊರಿನ ವರ್ಷದ ಸರಾಸರಿ ಹತ್ರ ನಿಂತ್ಕೋತದ, ನಮ್ಮ ಕಡಿ ಅದು 27, 28ರ ಸುತ್ತಮುತ್ತ. ಇನ್ನೊಂದು ಅಂದ್ರ ಮ್ಯಾಲಿನ ಬಿಸಿ ಹತ್ತು ಅಡಿ ಕೆಳಗ ಮುಟ್ಟೋದಕ್ಕ ಎರಡು ಮೂರು ತಿಂಗಳು ಹಿಡಿತದ, ಹಿಂಗಾಗಿ ಮೇದಾಗ ಮ್ಯಾಲ ಬೆಂಕಿ ಸುರೀತಿದ್ರೂ ಕೆಳಗಿನ ಮಣ್ಣು ಇನ್ನಾ ಚಳಿಗಾಲದ ನೆನಪಿನಾಗೇ ಇರ್ತದ. ಆ ಮಣ್ಣಿನಾಗ ಉದ್ದಕ್ಕ ಪೈಪ್ ಹಾಕಿ, ಒಂದು ಕಡಿಂದ ಹೊರಗಿನ ಗಾಳಿ ಎಳ್ಕೊಂಡು ಇನ್ನೊಂದು ಕಡಿಂದ ಕೋಣಿಗಿ ಬಿಡೋದು, ದಾರಿಯಾಗ ಗಾಳಿ ತನ್ನ ಬಿಸಿ ಮಣ್ಣಿಗಿ ಕೊಟ್ಟು ಬರ್ತದ. ಭೂಮಿ ಶಾಖ ಅಂದ ಕೂಡಲೇ ಕೆಲವರು ಐಸ್‌ಲ್ಯಾಂಡಿನಂಗ ಬಿಸಿನೀರಿನ ಬುಗ್ಗಿ ಅಂತ ತಿಳ್ಕೋತಾರ, ರೇಕ್ಯಾವಿಕ್ ಊರಾಗ ನೆಲದಿಂದ ಬಂದ ಬಿಸಿನೀರಿಂದಾನೇ ಮನಿ ಕಾಸ್ತಾರ ಅದು ಖರೆ, ನಮ್ದು ಅದಲ್ಲ, ಮ್ಯಾಲಿನ ಹತ್ತಡಿ ಮಣ್ಣಿನಾಗ ಇರೋದು ಸೂರ್ಯಂದೇ ಬಿಸಿ, ಅದನ್ನೇ ಕೊಟ್ಟು ತಗೊಂಡು ಮಾಡೋದು. ಹೀಟ್ ಪಂಪ್ ಜೋಡಿ ಮಾಡೋದೂ ಅದ, ಮುಚ್ಚಿದ ಪೈಪಿನಾಗ ನೀರು ತಿರುಗಿಸಿ ಎಸಿ ಬಿಸಿ ನೆಲಕ್ಕ ಬಿಡೋದು, ಅದು 24ಕ್ಕೂ ಇಳಸ್ತದ, ಆದ್ರ ಅದರ ಖರ್ಚು ನಮ್ಮಂಥವರ ಕೈಗಿ ನಿಲುಕಂಗಿಲ್ಲ.

2022ರ ಜನವರಿದಾಗ ಹಾಕಿಸಿದ್ವಿ. ಮಗ್ಗಲಿನ ಪ್ಲಾಟ್ ನಮ್ಮ ಮೈದುನಂದೇ, ಖಾಲಿ ಅದ, ಅದಕ್ಕೇ ಸಾಧ್ಯ ಆಯ್ತು. 10 ಅಡಿ ಆಳ, ಹೋಗಿ ತಿರುಗಿ ಬರೋದು ಸೇರಿ 120 ಅಡಿ ಉದ್ದ, 8 ಇಂಚಿನ ಪಿವಿಸಿ ಪೈಪ್, 85 ವ್ಯಾಟಿನ ಫ್ಯಾನ್. ಜೆಸಿಬಿ, ಪೈಪ್, ಕೂಲಿ, ಕಂಪನಿ ಫೀಸ್ ಎಲ್ಲಾ ಸೇರಿ 1,42,000 ಬಂತು. ಮನಿ ಬುನಾದಿ ಮಗ್ಗಲಕ್ಕೇ ಹತ್ತಡಿ ತೋಡೋದು ಯಾರೂ ಮಾಡಬ್ಯಾಡ್ರಿ, ದೂರ ಬಿಟ್ಟು ತೋಡ್ರಿ, ಎರಿ ಮಣ್ಣಿನ ಕಂದಕದಾಗ ಆಸರೆ ಇಲ್ದೇ ಆಳು ಇಳಿಸಬ್ಯಾಡ್ರಿ, ನಮ್ಮ ಕಣ್ಣ ಮುಂದೇ ಒಂದು ಮಗ್ಗಲು ಧಸಕ್ಕನೆ ಕುಸೀತು, ಊಟದ ಟೈಮ್ ಇತ್ತು, ಯಾರೂ ಒಳಗಿದ್ದಿಲ್ಲ, ದೇವರು ದೊಡ್ಡವ.

ಮೊದಲ ಬ್ಯಾಸಗಿ ಚೆಂದ ಹೋಯ್ತು. ಮಗಳು ಒಂದು ನೋಟ್‌ಬುಕ್ಕಿನಾಗ ಗೀಟು ಹಾಕಿ ಹೊರಗಿನ ಡಿಗ್ರಿ, ಜಾಳಿ ಡಿಗ್ರಿ, ಕೋಣಿ ಡಿಗ್ರಿ ಅಂತ ದಿನಾ ಮೂರು ಸಲ ಬರೀತಿದ್ದಳು, ಆ ಬುಕ್ಕು ಇನ್ನಾ ಅದ. ಅದನ್ನ ನೋಡ್ದಾಗ ಒಂದು ತಿಳೀತು, ಮುಂಜಾನೆ 11ಕ್ಕ ಚಾಲೂ ಮಾಡ್ದಾಗ ಜಾಳಿಯಾಗ 30 ಇರ್ತಿತ್ತು, ಮಧ್ಯಾಹ್ನ 3ಕ್ಕ 31.5, ಸಂಜಿ 6ಕ್ಕ 32.5. ಪೈಪಿನ ಸುತ್ತಿನ ಮಣ್ಣು ದಿನಾ ಇಡೀ ಬಿಸಿ ತಿಂದು ತಿಂದು ಸುಸ್ತಾಗಿರ್ತದ. ರಾತ್ರಿ ಬಂದ್ ಮಾಡಿ ಬಿಟ್ರ ಆ ಬಿಸಿ ಆಚೀಚಿನ ಮಣ್ಣಿಗಿ ಹರದು ಹೋಗಿ ಮುಂಜಾನೆಗಿ ಮತ್ತ 30. ಕಂಪನಿಯವರು 24 ತಾಸು ಓಡಸ್ರಿ ಅಂದಿದ್ರು, ಹಂಗ ಒಂದು ವಾರ ಓಡಸಿದ್ವಿ, ನಾಕನೇ ದಿನಕ್ಕ ಮುಂಜಾನೇನೇ 32 ತೋರಸ್ತು. ಆವಾಗಿಂದ ಸಂಜಿ 6ಕ್ಕ ಬಂದ್, ಕಿಡಕಿ ತೆಗದು ಹೊರಗಿನ ಗಾಳಿ, ಇದೇ ನಮ್ಮ ಕಟ್ಟಳಿ. ಈ ಸಿಸ್ಟಮ್ ಬೈಯೋರು ಭಾಳ ಮಂದಿ ಇಲ್ಲೇ ತಪ್ಪತಾರ ಅನ್ನಿಸ್ತದ ನಂಗ, ನೆಲಕ್ಕೂ ರಾತ್ರಿ ನಿದ್ದಿ ಬೇಕು.

ಆಮ್ಯಾಲ ಮಳಿಗಾಲ ಬಂತು, ತ್ರಾಸೂ ಬಂತು. ಆಗಸ್ಟ್ ಕಡೀಗಿ ಫ್ಯಾನ್ ಹಚ್ಚಿದ್ರ ಗುಳುಗುಳು ಅಂತ ಸಪ್ಪಳ, ಕೊಳೆತ ಹುಲ್ಲಿನಂಥ ವಾಸನಿ, ಅತ್ತಿಯವರು ಎರಡೇ ದಿನದಾಗ ಕೆಮ್ಮಲಿಕ್ಕೆ ಶುರು ಮಾಡಿದ್ರು. ಬಂದ್ ಮಾಡಿ ಜಾಳಿಗಿ ಪ್ಲಾಸ್ಟಿಕ್ ಕಟ್ಟಿಬಿಟ್ವಿ. ಕಂಪನಿಗಿ ಫೋನ್ ಮಾಡಿದ್ರ ಮೊದಲು ನಾಳಿ ಬರ್ತೀವಿ ಅಂದ್ರು, ಆಮ್ಯಾಲ ಎತ್ತೋದೇ ಬಿಟ್ರು. ಮಳಿ ನಿಂತು ನೆಲ ಒಣಗಿದ ಮ್ಯಾಲ ಡಿಸೆಂಬರಿನಾಗ ಮತ್ತ ಜೆಸಿಬಿ ತರಿಸಿ ತೋಡಸಿದ್ವಿ, ನೋಡಿದ್ರ ಮೂರು ಜಾಯಿಂಟ್ ಕಳಚಿದ್ವು, ಒಂದರಾಗ ನಾ ನಾಕು ಬೆರಳು ಇಟ್ಟು ನೋಡ್ದೆ, ಸಲೀಸಾಗಿ ಹೋದ್ವು. ಒಳಗ ಕರಿ ಕೆಸರು ನಿಂತಿತ್ತು. ನಮ್ಮ ಓಣಿಯ ಗೌಂಡಿ ಒಬ್ಬರು ನೋಡಿ, "ಅಕ್ಕಾರ, ಎರಿ ಮಣ್ಣು ಮಳಿಗಿ ಉಬ್ಬತದ, ಬಿಸಲಿಗಿ ಬಿರೀತದ, ಬಿರಿದ್ರ ನಿಮ್ಮ ಕೈ ಹೋಗೋವಷ್ಟು ಬಿರೀತದ, ಅದರ ನಡುವ ಪೈಪ್ ಬರೇ ಇಟ್ರ ಎಲ್ಲಿ ತಡೀತದ್ರಿ" ಅಂದ್ರು. ಕಂಪನಿಯವರು ತೋಡಿದ ಎರಿ ಮಣ್ಣೇ ಹಂಗೇ ಮ್ಯಾಲ ದೂಡಿ ಹೋಗಿದ್ರು. ನಮ್ಮ ನೆಲ ಎಂಥಾದು ಅಂತ ಒಂದು ಸಲನೂ ಕೇಳಿದ್ದಿಲ್ಲ, ಅದಕ್ಕ ನಂಗ ಇವತ್ತಿಗೂ ಸಿಟ್ಟದ. ನಮ್ಮ ಗೌಂಡಿಗಿ ಗೊತ್ತಿದ್ದದ್ದು ಫೀಸ್ ತಗೊಂಡವ್ರಿಗಿ ಗೊತ್ತಿರಬ್ಯಾಡೇನು?

ರಿಪೇರಿಗಿ 31,000 ಹೋಯ್ತು. ಈ ಸಲ ಪೈಪಿನ ಕೆಳಗ ಒಂದಡಿ, ಸುತ್ತ ಒಂದಡಿ ಸಣ್ಣ ಮುರುಮ ಮತ್ತ ಉಸುಕು ಕೂಡಿಸಿ ನೀರು ಹೊಡದು ಧಮ್ಮಸ್ ಮಾಡಿಸಿದ್ವಿ. ಗಟ್ಟಿ ಕೂಡಬೇಕು, ಯಾಕಂದ್ರ ನಡುವ ಪೊಳ್ಳು ಉಳದ್ರ ಬಿಸಿ ದಾಟಂಗಿಲ್ಲ. ಪೈಪಿಗಿ ಒಂದು ಕಡಿ ವಾಟ ಕೊಟ್ಟು ತಳದಾಗ ಸಣ್ಣ ಗುಂಡಿ ಮಾಡೀವಿ, ನೀರು ಬಂದ್ರ ಅಲ್ಲಿ ಕೂಡ್ತದ, ಮ್ಯಾಲಿಂದ ಎಳೀಬಹುದು, ಅದರ ಮುಚ್ಚಳ ಸೊಳ್ಳಿ ಹೋಗದಂಗ ಬಿಗಿ ಇರಬೇಕು. ಗಾಳಿ ಎಳಿಯೋ ಕೊಳವಿ ನೆಲದಿಂದ ಐದಡಿ ಎತ್ತರ, ಬಾಯಿಗಿ ಉಕ್ಕಿನ ಜಾಳಿ, ಹುಳ ಹುಪ್ಪಡಿ ಹಾವು ಇಲಿ ಯಾವದೂ ಹೊಕ್ಕದಂಗ. ಅದರ ಹಿಂದ ಫಿಲ್ಟರ್ ಅದ, ಬ್ಯಾಸಗ್ಯಾಗ ಹದಿನೈದು ದಿನಕ್ಕೊಮ್ಮೆ ತೊಳೀಬೇಕು, ತೊಗರಿ ರಾಶಿ ಟೈಮಿನಾಗ ವಾರಕ್ಕೇ ಕರ್‍ರಗ ಆಗಿರ್ತದ.

2023ರಾಗ ಇನ್ನೊಂದು ಬದಲಾವಣಿ ಮಾಡಿದ್ವಿ, ಅದೇ ಎಲ್ಲಕ್ಕಿಂತ ಛೊಲೊ ಆಯ್ತು. ಪೈಪಿನ ಮ್ಯಾಲಿನ ನೆಲ ಬಿಸಲಿಗಿ ಬೋಳು ಬಿದ್ದಿತ್ತು, ಅಲ್ಲಿ ಬಾಳಿ, ಕರಿಬೇವು, ಪುದೀನ ಹಚ್ಚಿ ಬಚ್ಚಲ ನೀರು ಹರಿಸಿದ್ವಿ. ಹಸಿ ಮಣ್ಣಿಗಿ ಬಿಸಿ ಒಯ್ಯೋ ತಾಕತ್ತು ಒಣ ಮಣ್ಣಿಗಿಂತ ಭಾಳ ಜಾಸ್ತಿ, ಮ್ಯಾಲ ನೆಳ್ಳೂ ಆಯ್ತು, ನೆಲ ಒಂದೇ ಸಮ ಹಸಿ ಇರೋದ್ರಿಂದ ಬಿರಿಯೋದೂ ಕಮ್ಮಿ ಆಯ್ತು. ನೋಟ್‌ಬುಕ್ಕಿನ ಪ್ರಕಾರ ಮಧ್ಯಾಹ್ನದ ಜಾಳಿ ಡಿಗ್ರಿ 31.5ರಿಂದ 30ಕ್ಕ ಬಂತು. ಬೇವು ಆಲ ಅಂಥ ದೊಡ್ಡ ಗಿಡ ಮಾತ್ರ ಬ್ಯಾಡ, ಬೇರು ಪೈಪ್ ಹುಡುಕ್ಕೊಂಡು ಹೋಗ್ತಾವ.

ಎಷ್ಟು ತಂಪು ಅಂದ್ರ, ಒಂದು ಟನ್ ಎಸಿ ಅಂದ್ರ 3.5 ಕಿಲೋವ್ಯಾಟ್ ತಂಪು, ನಮ್ಮ ಪೈಪಿನ ಗಾಳಿ ಲೆಕ್ಕ ಹಾಕಿದ್ರ ಹೆಚ್ಚುಕಮ್ಮಿ ಒಂದು ಕಿಲೋವ್ಯಾಟ್. ಅಂದ್ರ ಒಂದೇ ಕೋಣಿ, ಅತ್ತಿಯವರ ಕೋಣಿ, ಅದೂ ಮಾಳಗಿ ಮ್ಯಾಲ ಸುಣ್ಣ ಹೊಡದ ಮ್ಯಾಲ. ಸ್ಲ್ಯಾಬ್ ಕಾದು ಮ್ಯಾಲಿಂದ ಬಿಸಿ ಸುರೀತಿದ್ರ ಈ ಪೈಪ್ ಏನೂ ಮಾಡಂಗಿಲ್ಲ. ಹಿಂಗಾಗಿ ಯಾರರ ಕೇಳಿದ್ರ ನಾ ಮೊದಲು ಮಾಳಗಿಗಿ ಸುಣ್ಣ, ಪಡುವಣ ಕಿಡಕಿಗಿ ನೆಳ್ಳು, ಆಮ್ಯಾಲ ಪೈಪ್ ಅಂತೀನಿ.

ಕರೆಂಟ್ ಲೆಕ್ಕಕ್ಕ ಬಂದ್ರ ದಿನಕ್ಕ 7 ತಾಸು ಓಡಿಸಿದ್ರ 0.6 ಯುನಿಟ್, ತಿಂಗಳಿಗಿ 18. ಗೃಹಜ್ಯೋತಿ ಬಂದ ಮ್ಯಾಲ ಇದರ ಕಿಮ್ಮತ್ತು ಇನ್ನಾ ಗೊತ್ತಾಯ್ತು, ಹಿಂದಿನ ಸರಾಸರಿ, ಅದರ ಮ್ಯಾಲ ಇನ್ನ ಶೇಕಡಾ 10, ಅಷ್ಟರ ತನಕ ಮಾತ್ರ ನಮಗ ಫ್ರೀ, ಎಸಿ ಇದ್ದಿದ್ರ ಏಪ್ರಿಲ್ ಮೇದಾಗ ಅದನ್ನ ದಾಟಿ ಹೋಗ್ತಿತ್ತು. ಇನ್ನ ಮಧ್ಯಾಹ್ನ 2ಕ್ಕ ಕರೆಂಟ್ ಹೋದ್ರ ನಮ್ಮ ಸಾದಾ ಇನ್ವರ್ಟರ್ ಮ್ಯಾಲ ಎಸಿ ಓಡಂಗಿಲ್ಲ, ಈ 85 ವ್ಯಾಟ್ ಫ್ಯಾನ್ ಓಡ್ತದ. 2024ರ ಮೇದಾಗ ಒಂದಿನ ಮಧ್ಯಾಹ್ನ ಮೂರು ತಾಸು ಕರೆಂಟ್ ಇದ್ದಿಲ್ಲ, ಓಣಿಯಾಗಿನ ಇಬ್ಬರು ಅಜ್ಜಿಯರು ಬಂದು ಅತ್ತಿಯವರ ಮಂಚದ ಮ್ಯಾಲೇ ಕುಂತು ಎಲಿ ಅಡಿಕಿ ಹಾಕೊಂಡು ಮಾತಾಡಿದ್ರು. ಆ ಒಂದಿನಕ್ಕೇ ನಂಗ ಖರ್ಚು ಮಾಡಿದ್ದು ಸಾರ್ಥಕ ಅನ್ನಿಸ್ತು.

ಚಳಿಗಾಲಕ್ಕ ಇದು ಬರ್ತದ ಅಂತ ನಮಗ ಅಂದಾಜೇ ಇದ್ದಿಲ್ಲ. ಡಿಸೆಂಬರ್ ಜನವರಿ ನಸುಕಿನ್ಯಾಗ ಹೊರಗ 14, 15 ಇದ್ರ ಜಾಳಿಯಿಂದ 24ರ ಗಾಳಿ. ಅತ್ತಿಯವರು ನಸುಕಿನ 4ಕ್ಕೇ ಏಳ್ತಾರ, ಈಗ ಶಾಲು ಹೊತ್ಕೊಂಡು ಜಾಳಿ ಕೆಳಗೇ ಕುಂತು ವಚನ ಓದ್ತಾರ. ಕೆಮ್ಮು ಕಮ್ಮಿ ಆಗ್ಯದ ಅಂತ ಅವರು ಹೇಳ್ತಾರ, ಔಷಧ ಮಾತ್ರ ಡಾಕ್ಟರ್ ಹೇಳ್ದಂಗೇ ನಡದದ. ಬೀದರ್ ಕಡಿ ಥಂಡಿ ನಮಗಿಂತ ಜಾಸ್ತಿ, ಅಲ್ಲಿ ಇದು ಇನ್ನಾ ಉಪಯೋಗ ಆಗ್ಬೇಕು, ಮತ್ತ ಅಲ್ಲಿನ ಕೆಂಪು ಜಂಬಿಟ್ಟಿಗಿ ನೆಲ ಎರಿ ಮಣ್ಣಿನಂಗ ಉಬ್ಬಂಗಿಲ್ಲ. ಬಹಮನಿ ಕಾಲದಾಗ ಆ ನೆಲದಾಗೇ ಉದ್ದನ ಸುರಂಗ ಕೊರದು ನೀರು ಹರಿಸ್ಯಾರ, ನೌಬಾದ್ ಕರೇಜ್ ಅಂತ ಕರಿಯೋ ಆ ಸುರಂಗ ನೋಡ್ದವ್ರಿಗಿ ಗೊತ್ತು.

ಜುಲೈಯಿಂದ ಸೆಪ್ಟೆಂಬರ್ ತನಕ ಇದು ಉಪಯೋಗಿಲ್ಲ, ಹೊರಗಿನ ಹವಾನೂ ಕೆಳಗಿನ ಮಣ್ಣೂ ಹೆಚ್ಚುಕಮ್ಮಿ ಸಮ ಬಂದಿರ್ತಾವ. ದಿನಾ ಅರ್ಧ ತಾಸು ಅಷ್ಟೇ ಓಡಿಸ್ತೀವಿ, ಒಳಗ ಗಾಳಿ ಹಳಸಬಾರದು ಅಂತ.

ಐದಕ್ಕ ನಾಕು ಕೊಡ್ತೀನಿ ಸಿಸ್ಟಮಿಗಿ, ಹಾಕಿದ ಕಂಪನಿಗಿ ಒಂದೂ ಕೊಡಂಗಿಲ್ಲ. ಖಾಲಿ ಜಾಗ ಇಲ್ದವರು, ಬಾಡಿಗಿ ಮನಿಯವರು, ಮೂರು ಅಂತಸ್ತಿನವರು ಇದರ ಹಿಂದ ಬೀಳಬ್ಯಾಡ್ರಿ. ಜಾಗ ಇದ್ದವರು ರೊಕ್ಕ ಕೊಡೋ ಮುಂಚೆ ಒಂದು ಕೆಲಸ ಮಾಡ್ರಿ, ಮೇ ತಿಂಗಳಾಗ ನಿಮ್ಮ ಜಾಗದಾಗೇ ಹತ್ತಡಿ ಬೋರ್ ಹಾಕೋ ಕೈ ಗಿರಮಿಟ್ಟಿನಿಂದ ಒಂದು ತೂತು ಕೊರಸ್ರಿ, ದಾರ ಕಟ್ಟಿ ಥರ್ಮಾಮೀಟರ್ ಇಳಿಸಿ ಬಾಯಿಗಿ ಅರಿವಿ ತುರುಕಿ ಒಂದು ರಾತ್ರಿ ಬಿಡ್ರಿ, ಮುಂಜಾನೆ ಎಳದ ಕೂಡಲೇ ಓದ್ರಿ. ಅದು 28, 29 ತೋರಿಸಿದ್ರ ಮುಂದ ಮಾತಾಡ್ರಿ, ಮತ್ತ ಕೊರದಾಗ ಮ್ಯಾಲ ಬಂದ ಮಣ್ಣು ಒಂದು ಹಿಡಿ ಗೌಂಡಿ ಕೈಯಾಗ ಕೊಡ್ರಿ.